ಪಂಪಿನ ಸೊನ್ನೆ

ಹೆದ್ದಾರಿ ಬದಿಯ ಪೆಟ್ರೋಲ್ ಬಂಕಿನ ಪಂಪು ತಾನೆಂದೂ ಮುಗಿಯುವುದಿಲ್ಲ ಎಂಬ ಕನಸಿನಲ್ಲಿತ್ತು. ಗಾಡಿ ಬಂದಾಗಲೆಲ್ಲ ಅದರ ಅಂಕಿ ಸೊನ್ನೆಗೆ ಮರಳುತ್ತಿತ್ತು. ಪೆಟ್ರೋಲ್ ಹಾಕುವ ದೊಡ್ಡಯ್ಯ "ಜೀರೋ ನೋಡಿ ಸಾರ್" ಎನ್ನುತ್ತಿದ್ದ.

"ಪ್ರತಿ ಸಲವೂ ನಾನು ಹೊಸದಾಗಿ ಹುಟ್ಟುತ್ತೇನೆ," ಎಂದಿತು ಪಂಪು.

ನೆಲದಡಿಯ ಟ್ಯಾಂಕು ನಿದ್ದೆಗಣ್ಣಲ್ಲೇ ನುಡಿಯಿತು: "ತಮ್ಮಾ, ನೀನು ಹುಟ್ಟಿದಾಗಲೆಲ್ಲ ನಾನು ಒಂದಿಷ್ಟು ತಗ್ಗುತ್ತೇನೆ. ನನ್ನನ್ನು ತುಂಬುವ ಎಣ್ಣೆಬಾವಿಗಳೂ ದೂರದ ಮರಳಿನಲ್ಲಿ ಹೀಗೇ ತಗ್ಗುತ್ತಿವೆಯಂತೆ. ಚಾವಣಿಯ ಮೇಲೆ ಬಿಸಿಲು ಬಂದು ಕೂತಿದೆ, ಅದರ ಸ್ನೇಹ ಮಾಡು."

"ಸಂಜೆಯಾದರೆ ಎದ್ದುಹೋಗುವವರ ಸ್ನೇಹ ನನಗೇಕೆ?" ಎಂದು ಪಂಪು ನಕ್ಕಿತು.

ಒಂದು ಮುಂಜಾನೆ ದೊಡ್ಡಯ್ಯ ಎಂದಿನಂತೆ "ಜೀರೋ ನೋಡಿ ಸಾರ್" ಎಂದ. ಬೈಕಿನವನು ನೋಡಿದ. ನೋಡುತ್ತಲೇ ಇದ್ದ. ಸೊನ್ನೆ ಕದಲಲಿಲ್ಲ.

ಚಾವಣಿಯ ಮೇಲೆ, ನಿನ್ನೆ ಸಂಜೆ ಎದ್ದುಹೋಗಿದ್ದ ಬಿಸಿಲು ಆಗಲೇ ಬಂದು ಕೂತಿತ್ತು.