ಪಾರಿಯ ಕೌದಿ ನುಂಗಿದ ಮಷಿನ್ನು

ದೂರದ ಒಂದು ದೇಶ. ಆ ದೇಶದಲ್ಲೊಂದು ಮನೆ. ಆ ಮನೆಗೆ ಪಾರಿ ಬಂದು ನಾಲ್ಕೇ ದಿನ. ಆಡಲು ಯಾರೂ ಇಲ್ಲ. ಕೂರಲು ಕುರ್ಚಿಯೂ ಇಲ್ಲ. ಇದ್ದದ್ದು ಒಂದು ಕೌದಿ. ಊರಿನ ಅಜ್ಜಿ ಹಳೇ ಸೀರೆ ಕತ್ತರಿಸಿ ಹೊಲಿದ ಕೌದಿ. ಅದನ್ನು ಹೊದ್ದರೇನೇ ಪಾರಿಗೆ ನಿದ್ದೆ.

ಅವ್ವ ಕೌದಿಯನ್ನು ಒಗೆಯುವ ಮಷಿನ್ನಿಗೆ ಹಾಕಿದಳು. ಮಷಿನ್ನು ತಿರುಗಿತು. ಅಷ್ಟರಲ್ಲಿ ಗುಡುಗಿತು. ಗುಡುಗಿದರೆ ಊರಲ್ಲಿ ಮೇನ್ ಸ್ವಿಚ್ಚು ಆರಿಸುತ್ತಿದ್ದರು. ಅವ್ವನೂ ಆರಿಸಿದಳು. ಸ್ವಿಚ್ಚು ಬಲು ಎತ್ತರದಲ್ಲಿತ್ತು. ಕೊಡೆಯ ಕೊಕ್ಕೆ ಹಾಕಿ ಎಳೆದಳು. ಇಳಿಯಿತು.

ಗುಡುಗು ಹೋಯಿತು. ಅವ್ವ ಕೊಡೆಯಿಂದ ದೂಡಿದಳು. ಸ್ವಿಚ್ಚು ಏರಲಿಲ್ಲ.

"ಜಾರ್ತದಲ್ಲೇ ಪಾರಿ!" ಎಂದಳು ಅವ್ವ.

ಕೌದಿ ಒಳಗೆ. ಪಾರಿ ಹೊರಗೆ.

"ಮಷಿನ್ನಣ್ಣ, ಮಷಿನ್ನಣ್ಣ, ನನ್ನ ಕೌದಿ ಕೊಡು."

"ಕರೆಂಟಿಲ್ಲದೆ ನನ್ನ ಬಾಗಿಲು ತೆರೆಯದು. ಪ್ಲಗ್ಗಣ್ಣನನ್ನು ಕೇಳು."

"ಪ್ಲಗ್ಗಣ್ಣ, ಪ್ಲಗ್ಗಣ್ಣ, ಕರೆಂಟು ಕೊಡು. ಮಷಿನ್ನಣ್ಣ ಬಾಗಿಲು ತೆರೆಯ."

"ನನಗೇ ಬಂದಿಲ್ಲ, ನಿನಗೆಲ್ಲಿಂದ ತರಲಿ? ಪೆಟ್ಟಿಗೆ ಮಾವನನ್ನು ಕೇಳು."

ಮೇನ್ ಸ್ವಿಚ್ಚಿನ ಪೆಟ್ಟಿಗೆ ಮಾವ ಗೋಡೆಯ ತುದಿಯಲ್ಲಿ ಕೂತಿದ್ದ.

"ಪೆಟ್ಟಿಗೆ ಮಾವ, ಪೆಟ್ಟಿಗೆ ಮಾವ, ಸ್ವಿಚ್ಚು ಎತ್ತು. ಪ್ಲಗ್ಗಣ್ಣ ಕರೆಂಟು ಕೊಡ. ಮಷಿನ್ನಣ್ಣ ಬಾಗಿಲು ತೆರೆಯ."

"ನನಗೆ ಕೈಯಿದೆಯೇನೇ ಹುಡುಗಿ? ಕೈಯಿದ್ದವರು ಮೇಲೆ ಬರಲಿ. ಏಣಿಯಕ್ಕನನ್ನು ಕೇಳು."

ಏಣಿಯಕ್ಕ ಹೊರಗೆ, ಪಕ್ಕದ ಮನೆಯ ಬಾಗಿಲ ಬದಿಯ ಗೋಡೆಗೆ ಒರಗಿ ನಿಂತಿದ್ದಳು.

"ಏಣಿಯಕ್ಕ, ಏಣಿಯಕ್ಕ, ನಮ್ಮನೆಗೆ ಬಾ. ಪೆಟ್ಟಿಗೆ ಮಾವ ಸ್ವಿಚ್ಚು ಎತ್ತ. ಪ್ಲಗ್ಗಣ್ಣ ಕರೆಂಟು ಕೊಡ. ಮಷಿನ್ನಣ್ಣ ಬಾಗಿಲು ತೆರೆಯ."

"ಒಡತಿ ಹೇಳದೆ ಒಂದು ಹೆಜ್ಜೆ ಇಡೆನು. ಈ ಬಾಗಿಲು ಬಡಿ."

ಪಾರಿ ತಿರುಗಿ ನೋಡಿದಳು. ಅವ್ವ ಹೊಸ್ತಿಲು ದಾಟಿರಲಿಲ್ಲ.

"ಅವರ ಮಾತು ನಮಗೆಲ್ಲಿ ಬರ್ತದೆ? ಬಾರೇ ಒಳಗೆ."

ಪಾರಿ ಬಡಿದಳು. ಟಕ್, ಟಕ್.

ಬಾಗಿಲು ತೆರೆಯಿತು. ಬಿಳಿ ಕೂದಲಿನ ಒಬ್ಬ ಅಜ್ಜಿ. ಅವಳ ಹಿಂದೆ ಒಂದು ಮೇಜು, ಒಂದು ಕುರ್ಚಿ, ಒಂದು ಬಟ್ಟಲು. ಅಜ್ಜಿ ಏನೋ ಕೇಳಿದಳು. ಪಾರಿಗೆ ತಿಳಿಯಲಿಲ್ಲ. ತನಗೆ ಬಂದದ್ದನ್ನು ಹೇಳಿದಳು.

"ಅಜ್ಜಿ, ಅಜ್ಜಿ, ಏಣಿ ಕೊಡು. ಏಣಿಯಕ್ಕ ಬಾರಳು. ಪೆಟ್ಟಿಗೆ ಮಾವ ಸ್ವಿಚ್ಚು ಎತ್ತ. ಪ್ಲಗ್ಗಣ್ಣ ಕರೆಂಟು ಕೊಡ. ಮಷಿನ್ನಣ್ಣ ಬಾಗಿಲು ತೆರೆಯ."

ಅಜ್ಜಿಗೂ ತಿಳಿಯಲಿಲ್ಲ. ಆದರೂ ಕೊನೆಯವರೆಗೆ ಕೇಳಿದಳು. ಆಮೇಲೆ ಇನ್ನೊಮ್ಮೆ ಎಂಬಂತೆ ಬೆರಳು ತಿರುಗಿಸಿದಳು. ಪಾರಿ ಇನ್ನೊಮ್ಮೆ ಹೇಳಿದಳು. ಏಣಿ ತೋರಿಸಿದಳು. ಗೋಡೆ ತೋರಿಸಿದಳು. ಕೌದಿ ಹೊದ್ದು ಮಲಗಿದ ಹಾಗೆ ಕಣ್ಣು ಮುಚ್ಚಿದಳು.

ಅಜ್ಜಿ ಏಣಿ ಕೊಟ್ಟಳು. ಏಣಿಯಕ್ಕ ಬಂದಳು. ಹಿಂದೆಯೇ ಅಜ್ಜಿಯೂ ಬಂದಳು. ಅವ್ವ ಹತ್ತಿದಳು. ಪೆಟ್ಟಿಗೆ ಮಾವನ ಸ್ವಿಚ್ಚು ಎದ್ದಿತು. ಪ್ಲಗ್ಗಣ್ಣ ಕರೆಂಟು ಕೊಟ್ಟ. ಮಷಿನ್ನಣ್ಣ ಗುರ್ ಎಂದ, ನೀರು ಉಗುಳಿದ, ಬಾಗಿಲು ತೆರೆದ. ಕೌದಿ ಹೊರಗೆ ಬಂತು.

ಪಾರಿ ಮೂಸಿದಳು. ಊರಿನ ಅಜ್ಜಿಯ ವಾಸನೆ ಇರಲಿಲ್ಲ. ಬರೀ ಸೋಪು. ಪಾರಿ ಮತ್ತೆ ಮತ್ತೆ ಮೂಸಿದಳು.

ಒಂದು ತುದಿ ಅವ್ವ ಹಿಡಿದಳು. ಒಂದು ತುದಿ ಬಿಳಿ ಕೂದಲಿನ ಅಜ್ಜಿ ಹಿಡಿದಳು. ಇಬ್ಬರೂ ಸೇರಿ ಹಿಂಡಿದರು. ಕೊಡವಿದರು. ಹರವಿದರು. ಆ ಅಜ್ಜಿ ಪಾರಿಯ ಬೆರಳು ಹಿಡಿದು ಹೊಲಿಗೆಯ ಮೇಲಿಟ್ಟಳು. ಮೆಲ್ಲಗೆ ನಡೆಸಿದಳು. ಒಂದು ಹೊಲಿಗೆ. ಇನ್ನೊಂದು ಹೊಲಿಗೆ. ಮತ್ತೊಂದು ಹೊಲಿಗೆ. ಊರಿನ ಅಜ್ಜಿ ಹಾಕಿದ ಹೊಲಿಗೆ. ಒಂದೂ ಬಿಚ್ಚಿರಲಿಲ್ಲ.

ಕೌದಿ ಒಣಗಿತು. ಕತೆ ಮಡಿಚಿಟ್ಟೆ.