ಹಸಿರು ನೊಣದ ಸಾಕ್ಷಿ

ನಮ್ಮೂರ ಹಳ್ಳದ ದಂಡೆಯಲ್ಲಿ ಹುಲ್ಲಿನ ಗುಡಿಸಲು ಹಾಕಿಕೊಂಡು ಪೂಜ್ಯ ನಿಂಗಯ್ಯ ಅಜ್ಜನವರು ವಾಸವಾಗಿದ್ದರು. ಒಂದು ಕಂಬಳಿ, ಒಂದು ತಂಬಿಗೆ, ಅಷ್ಟೇ ಅವರ ಸಂಸಾರ.

ಒಂದು ಬೇಸಿಗೆಯ ಮುಂಜಾನೆ, ದೇವರಿಗೆ ಬಿಟ್ಟ ಮುದಿ ಗೂಳಿಯು ಹಳ್ಳದ ತಗ್ಗಿನಲ್ಲಿ ಸತ್ತು ಬಿದ್ದದ್ದು ಕಂಡಿತು. ಊರೂರು ಮೇಯುವ ಗೂಳಿ, ವಾರಗಟ್ಟಲೆ ಕಾಣದಿದ್ದರೂ ಯಾರೂ ಹುಡುಕುತ್ತಿರಲಿಲ್ಲ. ಹಿಂದಿನ ಸಂಜೆಯಷ್ಟೇ ನಮ್ಮೂರಿಗೆ ಬಂದ ಕುರಿಗಾರ ಕೆಂಚಪ್ಪ ಅಲ್ಲಿಂದ ಸ್ವಲ್ಪ ದೂರದಲ್ಲಿ ಹಟ್ಟಿ ಹಾಕಿದ್ದ. ಹಟ್ಟಿಗೆ ನುಗ್ಗಿದ ಗೂಳಿಯನ್ನು ಅವನೇ ಹೊಡೆದು ಕೊಂದನೆಂದು ಊರಗೌಡರಾದ ಚನ್ನವೀರಗೌಡರು ತೀರ್ಮಾನಿಸಿ, ಅವನ ಇಡೀ ಹಿಂಡನ್ನು ಹೊಡೆದುಕೊಂಡು ಬರಲು ಆಳುಗಳಿಗೆ ಹೇಳಿದರು. ಆ ಗೌಡರು ನನ್ನ ಮುತ್ತಜ್ಜ.

ಕೆಂಚಪ್ಪ ಮತ್ತು ಅವನ ಹೆಂಡತಿ ಮಾಳವ್ವ ಬಂದು ಅಜ್ಜನವರ ಪಾದ ಹಿಡಿದರು. ಅಜ್ಜನವರು ಏನೂ ಕೇಳದೆ ಎದ್ದು ಗೂಳಿಯ ಬಳಿಗೆ ನಡೆದರು. ಹಸಿರು ನೊಣಗಳು ಮುಸುರಿದ್ದವು. ಊರವರು ಮೂಗು ಮುಚ್ಚಿಕೊಂಡು ದೂರ ನಿಂತರು. ಅಜ್ಜನವರು ಕೊಳೆತ ಮಾಂಸದೊಳಗಿನ ಒಂದು ಹುಳುವನ್ನು ಎಲೆಯ ಮೇಲೆ ಎತ್ತಿಕೊಂಡರು.

"ಮಾಳವ್ವ, ಕುರಿ ಗಾಯದಾಗಿನ ಹುಳ ತೆಗಿಯಾಕಿ ನೀ. ಇದು ಎಷ್ಟ ದಿನದ್ದು?"

"ನಾಕ ದಿನದ್ದರೀ ಯಪ್ಪಾ. ನೊಣ ಕುಂತ ದಿನ ಬರೇ ತತ್ತಿ ಇರತಾವು, ಬಿಳಿ ಎಳ್ಳಿನಂಗ."

ಗೌಡರು ನಕ್ಕರು. "ಬ್ಯಾಸಗ್ಯಾಗ ಒಂದ ರಾತ್ರಿಗೇ ಹೆಣ ಕೊಳಿತೈತಿ. ಗಂಡನ್ನ ಉಳಸಾಕ ನೊಣದ ಸಾಕ್ಷಿ ತಂದಾಳ. ನಾಳೆ ಸೊಳ್ಳಿನೂ ಕರಕೊಂಡ ಬರ್ತಾಳ ನೋಡ್ರಿ."

"ಗೌಡ್ರ, ಕಿರುಬೆರಳಿಗೆ ಹಿಡದು ನೋಡ್ರಿ," ಎಂದರು ಅಜ್ಜನವರು. ಹುಳುವು ಸರಿಯಾಗಿ ಗೌಡರ ಕಿರುಬೆರಳ ಉಗುರಿನಷ್ಟು ಉದ್ದವಿತ್ತು.

ಗೂಳಿಯನ್ನು ಪೂಜೆ ಮಾಡಿ ಮಣ್ಣು ಮಾಡಿದರು. ಅದೇ ಬೆಳಗ್ಗೆ ಹಿಂಡಿನಲ್ಲಿ ಒಂದು ಕುರಿ ಸತ್ತಿತ್ತು. ಅದನ್ನು ಅಜ್ಜನವರು ಅಲ್ಲಿಗೇ ತರಿಸಿದರು.

"ಇದರ ಮ್ಯಾಲೂ ಅವೇ ನೊಣ ಕೂಡತಾವು. ಇದರ ಹುಳ ನಿಮ್ಮ ಉಗುರಿನಷ್ಟ ಆಗೋತನಕ ನಾ ಇಲ್ಲೇ ಕೂಡತೀನಿ. ನೀವೂ ಕೂಡ್ರಿ. ಅಲ್ಲೀತನಕ ಅವರ ಹಿಂಡು ಮುಟ್ಟಬ್ಯಾಡ್ರಿ."

ಹಟ ಹಿಡಿದು ಗೌಡರೂ ಕುಳಿತರು. ಮೊದಲ ದಿನ ದೂರದಲ್ಲಿ ಕೊಡೆ ಹಿಡಿದು ಕುಳಿತಿದ್ದರಂತೆ. ಸಂಜೆಯೊಳಗೆ ಕುರಿಯ ಮೂಗಿನ ಮೇಲೆ ಬಿಳಿ ಎಳ್ಳು ಚೆಲ್ಲಿದಂತೆ ತತ್ತಿಗಳು ಕಂಡವು. ಮರುದಿನ ಅವು ದಾರದ ತುಣುಕಿನಂಥ ಹುಳುಗಳಾದವು. ಅಜ್ಜನವರ ಮೈಮುಖದ ಮೇಲೆಲ್ಲ ನೊಣ. ಮಹಾನುಭಾವರು ಕೈ ಬೀಸಲಿಲ್ಲ. ಮೂರನೆಯ ದಿನ ಗೌಡರು ತಾವಾಗಿಯೇ ಪಕ್ಕಕ್ಕೆ ಬಂದು ಕುಳಿತು ನಾಯಿ ಓಡಿಸತೊಡಗಿದರು.

ನಾಲ್ಕನೆಯ ದಿನ ಮಧ್ಯಾಹ್ನ ಗೌಡರು ತಮ್ಮ ಕೈಯನ್ನೇ ಆ ಮಾಂಸದೊಳಗಿಟ್ಟು ಒಂದು ಹುಳುವನ್ನು ತೆಗೆದು ಉಗುರಿಗೆ ಹಿಡಿದರು. ಸರಿಸಮ. ಅಂದಮೇಲೆ ಕೆಂಚಪ್ಪ ನಮ್ಮೂರಿಗೆ ಕಾಲಿಡುವ ಮೊದಲೇ ಗೂಳಿ ಸತ್ತಿತ್ತು.

ಊರವರೆಲ್ಲ ಕೇಳುವಂತೆ ಗೌಡರು ಹೇಳಿದರು: "ತಂಗಿ, ನಿನ್ನ ಸಾಕ್ಷಿ ಖರೇ ಐತಿ. ಸುಳ್ಳಾದಾಂವ ನಾನು."

ಮಾಳವ್ವ ತಂಬಿಗೆಯಲ್ಲಿ ನೀರು ತಂದು ಮುಂದಿಟ್ಟಳು. "ಕೈ ತೊಳಕೋರಿ ಗೌಡ್ರ. ರೊಟ್ಟಿ ಆಗ್ಯಾವು."

ಅಂದಿನವರೆಗೆ ಪರರ ಮನೆಯ ನೀರನ್ನೂ ಮುಟ್ಟದಿದ್ದ ನಮ್ಮ ಮುತ್ತಜ್ಜ ಆ ಹಟ್ಟಿಯಲ್ಲಿ ಅಜ್ಜನವರ ಪಕ್ಕದಲ್ಲಿ ಕುಳಿತು ಉಂಡರು. ನಮ್ಮ ಮನೆತನಕ್ಕೆ ಹೊಲಗಳಿವೆ, ಗೌಡಕಿಯಿದೆ. ಆದರೆ ಮಕ್ಕಳಿಗೆ ಹಿರಿಮೆಯೆಂದು ನಾನು ಹೇಳುವುದು ಆ ಊಟವೊಂದನ್ನೇ.