ಗುರುಮಲ್ಲ ತಂದ ನೀಲಗಿರಿ ಎಣ್ಣೆ

ಬೆಟ್ಟದ ಮಲ್ಲಯ್ಯ ಒಬ್ಬೊಬ್ಬರಿಗೆ ಒಂದೊಂದು ಕೊಡ್ತಾನೆ. ದುಂಡಮ್ಮನಿಗೆ ಗುರುಮಲ್ಲನನ್ನ ಕೊಟ್ಟ. ಆಳೆತ್ತರದ ಮಗ, ಹಾಲಿನಂಥ ಮನಸ್ಸು, ತಲೆಯೊಳಗೆ ಮಾತ್ರ ಬರೀ ಬಯಲು! ಹೇಳಿದ್ದು ಹೇಳಿದ ಹಾಗೇ ಮಾಡುವವನು.

ಕಾರ್ತಿಕ ಸೋಮವಾರ ಬೆಟ್ಟದ ಮೇಲೆ ದೀಪ ಹಚ್ಚುತ್ತೀನಿ ಅಂತ ದುಂಡಮ್ಮನ ಹರಕೆ. ಮೂರು ವರ್ಷದಿಂದ ಮಂಡಿನೋವು, ನೂರೊಂದು ಮೆಟ್ಟಿಲು ಹತ್ತೋಕೆ ಆಗಿರಲಿಲ್ಲ. ಈ ಸಲವೂ ತಪ್ಪಿದರೆ ಹೇಗಪ್ಪಾ ಅಂತ ಒಳಗೊಳಗೇ ಕೊರಗು.

"ಮಗಾ, ಎಣ್ಣೆ ಇಳಿಸೋ ರಾಚಪ್ಪನ ಭಟ್ಟಿಗೆ ಹೋಗಿ ಮಂಡಿಗೆ ತಿಕ್ಕೋಕೆ ಒಂದಿಷ್ಟು ನೀಲಗಿರಿ ಎಣ್ಣೆ ತಾ. ಬಿಸಿಲು ಇಳಿದ ಮೇಲೆ ಬಾ, ತಲೆ ಸುಟ್ಟೀತು."

ಹೋದ. ತಟ್ಟೆಯಲ್ಲಿ ಎಣ್ಣೆ ಹಾಕಿಸಿಕೊಂಡ. ಬಿಸಿಲು ಇಳಿಯೋವರೆಗೂ ಬಂಡೆ ಮೇಲೆ ತಟ್ಟೆ ಇಟ್ಟುಕೊಂಡು ಕೂತ. ಸಂಜೆ ಮನೆಗೆ ಬಂದಾಗ ತಟ್ಟೆ ಒಣ ಒಣ!

"ಅಯ್ಯೋ ಪೆದ್ದೇ! ಅದು ಗಾಳಿಗೆ ಹಾರಿಹೋಗೋ ಎಣ್ಣೆ ಕಣ್ಲಾ! ಘಮ ಎಲ್ಲಿಂದ ಬರುತ್ತೋ ಆ ಬಾಯಿಗೆ ಬಿಗಿಯಾಗಿ ಬಿರಡೆ ಹಾಕಬೇಕು!"

"ಹಂಗೇ ಆಗ್ಲಿ ಕಣವ್ವ."

ಮಾರನೇ ದಿನ ಭಟ್ಟಿಗೆ ಹೋದ. ತಾಮ್ರದ ಹಂಡೆಯಲ್ಲಿ ಎಲೆ ನೀರು ಕುದೀತಿತ್ತು. ಹಬೆ ಕೊಳವೆ ಹಿಡಿದು ತಣ್ಣೀರ ತೊಟ್ಟಿಯೊಳಗೆ ಹಾದು, ತಣ್ಣಗಾಗಿ, ಆಚೆ ತುದಿಯಲ್ಲಿ ತೊಟ್ಟಿಕ್ಕುತ್ತಿತ್ತು. "ಉರಿ ನೋಡ್ಕೋ, ಉಂಡು ಬರ್ತೀನಿ" ಅಂದು ರಾಚಪ್ಪ ಹೋದ. ಕೊಳವೆ ಬಾಯಲ್ಲಿ ಘಮ್ಮೆಂದಿತು. ಗುರುಮಲ್ಲ ಬಟ್ಟೆ ತುರುಕಿ ಬಿಗಿಯಾಗಿ ಬಿರಡೆ ಹಾಕಿದ.

ಢಮಾರ್! ಮುಚ್ಚಳ ಹಾರಿ ಹಲಸಿನ ಮರ ಹತ್ತಿತು! ಊರಿಗೆಲ್ಲ ಬೆಂದ ಎಲೆಯ ಮಳೆ! ಮಲ್ಲಯ್ಯ ಕಾದ, ಯಾರಿಗೂ ಒಂದು ಕೂದಲೂ ಕೊಂಕಲಿಲ್ಲ.

"ಅಯ್ಯೋ ಪೆದ್ದೇ!" ಅಂತ ಓಡಿ ಬಂದ ರಾಚಪ್ಪ ತಲೆ ಚಚ್ಚಿಕೊಂಡ. "ಹಬೆಗೆ ದಾರಿ ಬೇಡವೇನೋ? ಹಬೆ ತಣ್ಣಗಾಗಿ ಎಣ್ಣೆ, ನೀರು ಎರಡೂ ಬರುತ್ತೆ. ಮೇಲೆ ತೇಲಿದ್ದನ್ನ ಇಟ್ಕೋಬೇಕು, ಕೆಳಗಿನದನ್ನ ಬಿಡಬೇಕು. ಅಷ್ಟು ಕಲಿತು ಬಾ ಹೋಗು!"

"ಹಂಗೇ ಆಗ್ಲಿ ಕಣಣ್ಣ."

ಮನೆಯಲ್ಲಿ ಅವ್ವ, "ಅನ್ನ ಬೆಂದದೆ, ಬಸಿಯಪ್ಪಾ" ಅಂದಳು. ಮೇಲಿನ ಗಂಜಿ ಇಟ್ಟುಕೊಂಡ, ಕೆಳಗಿನ ಅನ್ನ ಹಸುವಿಗೆ ಸುರಿದ. ಹಸುವಿಗೆ ಹಬ್ಬ!

"ಅಯ್ಯೋ ಪೆದ್ದೇ! ಕೆಳಗೆ ನಿಂತದ್ದೇ ಕಣ್ಲಾ ಸಾರ! ಮೇಲಿನದನ್ನ ಚೆಲ್ಲಬೇಕು!"

"ಹಂಗೇ ಆಗ್ಲಿ ಕಣವ್ವ."

ಮತ್ತೆ ಭಟ್ಟಿ. ಹಂಡೆ ಸರಿಮಾಡಿಕೊಂಡಿದ್ದ ರಾಚಪ್ಪ ಕನಿಕರಪಟ್ಟು, ಹೊಸದಾಗಿ ಇಳಿದದ್ದನ್ನ ನೀರಿನ ಸಮೇತ ಗಡಿಗೆಯಲ್ಲಿ ಕೊಟ್ಟ. ದಾರಿಯಲ್ಲಿ ಗುರುಮಲ್ಲ ಮೇಲಿನ ಎಣ್ಣೆಯನ್ನೆಲ್ಲ ಬೇಲಿಗೆ ಚೆಲ್ಲಿದ, ಕೆಳಗಿನ ನೀರನ್ನ ಜೋಪಾನವಾಗಿ ತಂದ. ಅವ್ವ ಮಂಡಿಗೆ ತಿಕ್ಕಿದಳು, ತಿಕ್ಕಿದಳು. ಮಂಡಿ ತೊಳೆದು ಶುದ್ಧವಾಯಿತು ಅಷ್ಟೆ!

ಸೋಮವಾರ ಬಂತು. ಕಡೆಗೆ ರಾಚಪ್ಪನೇ ಒಂದು ಸೀಸೆ ತುಂಬಿ, ಬಿರಡೆ ಹಾಕಿ, ಗುರುಮಲ್ಲನ ಸೊಂಟಕ್ಕೆ ಕಟ್ಟಿ ಕಳಿಸಿದ. ದುಂಡಮ್ಮ ದೀಪ ಬತ್ತಿ ಸೆರಗಿಗೆ ಕಟ್ಟಿಕೊಂಡು ಕಾದಿದ್ದಳು.

"ಎಲ್ಲಿಗೆ ಹಚ್ಚಲವ್ವ?"

"ನೋವು ಎಲ್ಲಿ ಹುಟ್ಟುತ್ತೋ ಅಲ್ಲಿಗೆ ಎರಡೆರಡು ಹನಿ ಹಾಕಿ ತಿಕ್ಕಪ್ಪಾ."

"ಎಲ್ಲಿ ಹುಟ್ಟುತ್ತವ್ವ?"

"ಇನ್ನೆಲ್ಲಿ, ಆ ನೂರೊಂದು ಮೆಟ್ಟಿಲಲ್ಲಿ!" ಅಂತ ನಿಟ್ಟುಸಿರುಬಿಟ್ಟು ಕಾಲು ಚಾಚಿ ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟು ನೋಡ್ತಾಳೆ, ಮಗನಿಲ್ಲ! ಸೀಸೆಯೂ ಇಲ್ಲ!

ಕೈಗೆ ಸಿಕ್ಕ ಸೌಟು ಹಿಡಿದು ಕುಂಟುತ್ತಾ ಹುಡುಕಿ ಬಂದರೆ, ಬೆಟ್ಟದ ಬುಡದಲ್ಲಿ ಕೂತು ಮೊದಲ ಮೆಟ್ಟಿಲಿಗೆ ಎರಡು ಹನಿ ಹಾಕಿ ತಿಕ್ಕುತ್ತಿದ್ದ.

"ಲೋ! ಬಿಡೋ!" ಸೌಟು ಎತ್ತಿ ಅಟ್ಟಿದಳು. ಅವನು ಎರಡನೇ ಮೆಟ್ಟಿಲಿಗೆ ಹಾರಿದ, ಎರಡು ಹನಿ. ಇವಳು ಹಿಂದೆ, ಎರಡು ಬೈಗುಳ. ಮೆಟ್ಟಿಲಿಗೆ ಎರಡು ಹನಿ, ಎರಡು ಬೈಗುಳ! ಘಮಕ್ಕೆ ಉಸಿರು ಹಗುರ, ಬೈದು ಬೈದು ಎದೆ ಹಗುರ, ನಡುನಡುವೆ ನಗು ಬೇರೆ ಒತ್ತರಿಸಿ ಬಂತು. ಕಡೆಯ ಬೈಗುಳ ಮುಗಿದಾಗ ತಲೆಯೆತ್ತಿ ನೋಡ್ತಾಳೆ, ಎದುರಿಗೆ ಮಲ್ಲಯ್ಯ!

ಸೌಟು ಕೈಜಾರಿತು. ದೀಪ ಹಚ್ಚಿದಳು. ಕಣ್ಣು ತುಂಬಿ, "ಸ್ವಾಮೀ, ಎಂಥಾ ಮಗನನ್ನ ಕೊಟ್ಟೆಯಪ್ಪಾ! ಯಾವ ದಾರಿ ಹಿಡಿಸಿ ಕರೆಸಿಕೊಂಡೆಯಪ್ಪಾ!" ಅಂತ ಅಡ್ಡಬಿದ್ದಳು.

ಎದ್ದು, "ನಡಿಯಪ್ಪಾ, ಮನೆಗೆ ಹೋಗೋಣ" ಅಂದಳು.

ಗುರುಮಲ್ಲ ಖಾಲಿ ಸೀಸೆ ಅಲ್ಲಾಡಿಸಿದ. "ತಾಳವ್ವ! ಹತ್ತೋ ಮೆಟ್ಟಿಲಿಗೆ ಮಾತ್ರ ಹಚ್ಚಿದ್ದೀನಿ. ನೀ ಇಲ್ಲೇ ಕೂತಿರು. ಇಳಿಯೋ ಮೆಟ್ಟಿಲಿಗೆ ಇನ್ನೊಂದು ಸೀಸೆ ತರ್ತೀನಿ!"